ಹದಿನಾರು ಎಣಿಸಿದ ಮೇಲೆ

ವಾಚ್ ಮೇಷ್ಟ್ರ ಮನೆಯಲ್ಲಿ ಬೆಳಗಿನ ಹೊತ್ತು ನಡೆಯುತ್ತಿದ್ದದ್ದು ಮೂರೇ ಮಾತು: ತಗೋ, ಹಿಡಿ, ಬಿಡು. ಮೂರೂ ಉಸಿರಿಗೆ ಸಂಬಂಧಪಟ್ಟವು. ನಾಲ್ಕು ಎಣಿಸುವಷ್ಟು ಹೊತ್ತು ತಗೋ, ಹದಿನಾರು ಎಣಿಸುವಷ್ಟು ಹಿಡಿ, ಎಂಟು ಎಣಿಸುತ್ತ ಬಿಡು. ಮೊದಲ ಎರಡರಲ್ಲಿ ಮೋಸವಿಲ್ಲ. ತಗೋ ಅಂದರೆ ತಗೋ, ಹಿಡಿ ಅಂದರೆ ಹಿಡಿ. ಮೂರನೆಯದು ಮಾತ್ರ ಅಷ್ಟು ನಂಬಿಕಸ್ಥ ಮಾತಲ್ಲ. ಗಿಡ ಹೂ ಬಿಡುತ್ತದೆ, ಮಳೆ ಬಿಡುತ್ತದೆ, ಬಸ್ಸು ಬಿಡುತ್ತದೆ. ಚಟ ಬಿಡಬೇಕು ಅನ್ನುತ್ತಾರೆ, ಪಟ್ಟು ಬಿಡಬಾರದು ಅನ್ನುತ್ತಾರೆ. ಬಾಯಿಗೆ ಬಂದದ್ದು ಹೇಳುವವನನ್ನು ಕಂಡರೆ ‘ಚೆನ್ನಾಗಿ ಬಿಡ್ತಾನೆ’ ಅನ್ನುತ್ತಾರೆ. ಸಮಾಧಾನ ಹೇಳಲು ಬಂದವರು ‘ಹೋಗ್ಲಿ ಬಿಡು’ ಅಂದರೆ, ಸಮಾಧಾನ ಬೇಡವಾದವರು ‘ಸಾಕು ಬಿಡಿ’ ಅನ್ನುತ್ತಾರೆ. ಒಂದೇ ಮಾತಿಗೆ ಇಷ್ಟು ಕೆಲಸ ಹಚ್ಚಿದರೆ ಅದು ಎಲ್ಲಾದರೂ ಒಂದು ಕಡೆ ಕೆಲಸ ಕೆಡಿಸಲೇಬೇಕು. ಈ ಮನೆಯಲ್ಲಿ ಕೆಡಿಸಿದ್ದು ಟೀಚರಮ್ಮನ ಪಾಲಿನದನ್ನು.

ಟೀಚರಮ್ಮ ಅಂದರೆ ಮೇಷ್ಟ್ರ ಮಗಳು. ಐವತ್ತೆಂಟು ವರ್ಷ, ಬೆನ್ನು ಮಾತ್ರ ಇಪ್ಪತ್ತರದು. ಇನ್ನು ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಗಡಿಯಾರ ರಿಪೇರಿಯವರು. ಕೈಗಡಿಯಾರದ ಹೊಟ್ಟೆಯಲ್ಲಿ ಕೂದಲಿಗಿಂತ ತೆಳುವಾದ ಒಂದು ಸುರುಳಿ ಇರುತ್ತದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದ ತುದಿಯಲ್ಲಿ ಅದನ್ನು ಹಿಡಿದು ಕೂರಿಸುವಾಗ ಉಸಿರು ತಾಗಿದರೆ ಸಾಕು, ಹಾರಿ ಎಲ್ಲಿ ಬಿತ್ತೆಂದು ದೇವರೂ ಹುಡುಕಿಕೊಡಲಾರ. ಮೂವತ್ತು ದಾಟುವ ಹೊತ್ತಿಗೆ ಮೇಷ್ಟ್ರ ಕೈ ನಡುಗಲು ಶುರುವಾಯಿತು. ಗಡಿಯಾರ ರಿಪೇರಿಯವನ ಕೈ ನಡುಗುವುದು ಹಾಡುಗಾರನ ಗಂಟಲು ಕಟ್ಟಿದ ಹಾಗೆ. ಆಗ ಗಿರಾಕಿಯಾಗಿ ಬಂದ ಒಬ್ಬ ನಿವೃತ್ತ ಡ್ರಿಲ್ ಮಾಸ್ತರರು, ‘ಕೈ ಹಿಡಿತಕ್ಕೆ ಬರಬೇಕಾದರೆ ಮೊದಲು ಉಸಿರು ಹಿಡಿತಕ್ಕೆ ಬರಲಿ’ ಎಂದು ಹೇಳಿ, ಕೂರುವುದು ಹೇಗೆ, ಎಣಿಸುವುದು ಹೇಗೆ ಅಂತ ತೋರಿಸಿಕೊಟ್ಟರು. ಆರು ತಿಂಗಳಲ್ಲಿ ಕೈ ಕಲ್ಲಿನ ಹಾಗೆ ನಿಂತಿತು. ಅಲ್ಲಿಂದ ಮೇಷ್ಟ್ರಿಗೆ ಯೋಗವೆಂದರೆ ರಿಪೇರಿ. ಮೋಕ್ಷ ಗೀಕ್ಷದ ಮಾತು ತೆಗೆದವರಿಗೆ ‘ಅದು ನಮ್ಮ ಅಂಗಡೀಲಿ ಸಿಗೋದಿಲ್ಲ’ ಎನ್ನುತ್ತಿದ್ದರು. ಬೆನ್ನುನೋವಿನವರು, ನಿದ್ದೆ ಬಾರದವರು, ಸಿಟ್ಟಿನವರು ಒಬ್ಬೊಬ್ಬರಾಗಿ ಬಂದು ಸೇರಿದರು. ಅಂಗಡಿಯ ಮೇಲಿನ ಉದ್ದ ಕೋಣೆ ಕ್ಲಾಸಾಯಿತು, ರಿಪೇರಿಯವರು ಮೇಷ್ಟ್ರಾದರು.

ಮಗಳು ಒಂಬತ್ತನೇ ವಯಸ್ಸಿನಿಂದ ಅಲ್ಲಿ ಕೂತವಳು. ಅವಳ ಅಣ್ಣನೂ ಕೂತಿದ್ದ, ಮೂರು ವರ್ಷ. ಹನ್ನೆರಡು ತುಂಬಿದ ದಿನ ‘ನನಗೆ ನಿದ್ದೆಯೇ ಸಮಾಧಿ’ ಎಂದು ಗೋಡೆ ಕಡೆ ತಿರುಗಿ ಮಲಗಿದವನು ಮತ್ತೆ ಏಳಲಿಲ್ಲ. ಅಂದರೆ ಐದೂವರೆಗೆ ಏಳಲಿಲ್ಲ. ಬೇರೆ ಊರಲ್ಲಿ ಹೆಂಡತಿ ಮಕ್ಕಳ ಜೊತೆ ಚೆನ್ನಾಗಿಯೇ ಇದ್ದಾನೆ. ಮಗಳು ಎದ್ದಳು, ದಿನಾ ಎದ್ದಳು. ಅದಕ್ಕೆ ಕಾರಣ ಭಕ್ತಿಯಲ್ಲ. ಅಪ್ಪನ ಜೊತೆ ಮಾತಾಡಲು ಬೇರೆ ಹೊತ್ತು ಇರಲಿಲ್ಲ. ಅಂಗಡಿಯಲ್ಲಿ ಅವರ ಕಣ್ಣಿಗೆ ಭೂತಗನ್ನಡಿ, ಊಟದಲ್ಲಿ ‘ಅಗಿಯೋವಾಗ ಮಾತು ಬೇಡ’, ಊಟವಾದ ಮೇಲೆ ನಿದ್ದೆ. ಏನಾದರೂ ಕೇಳಬೇಕಾದರೆ ಚಾಪೆಯ ಮೇಲೆ, ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವಿನ ಸಂದಿಯಲ್ಲಿ ಕೇಳಬೇಕು. ಉತ್ತರ ಮುಂದಿನ ಸಂದಿಯಲ್ಲಿ ಬರುತ್ತಿತ್ತು. ಹೊಸ ಚಪ್ಪಲಿ ಬೇಕು ಅನ್ನುವುದರಿಂದ ಹಿಡಿದು ಕಾಲೇಜಿಗೆ ಸೇರಲಾ ಅನ್ನುವವರೆಗೆ ಎಲ್ಲವನ್ನೂ ಅವಳು ಹಾಗೆಯೇ ಕೇಳಿದ್ದಳು.

ಅವಳ ಇಪ್ಪತ್ತೇಳರಲ್ಲಿ ಒಬ್ಬ ಸರ್ವೇಯರು ಬಂದ. ನೆಲ ಅಳೆಯುವ ಕೆಲಸ, ಬಿಸಿಲಿಗೆ ಸುಟ್ಟ ಮೂಗು, ಗಾಜು ಒಡೆದ ಕೈಗಡಿಯಾರ. ಗಾಜು ಹಾಕಿಸಿಕೊಂಡು ಹೋದ. ಹದಿನೈದು ದಿನಕ್ಕೆ ಗಡಿಯಾರ ನಿಂತಿತು ಅಂತ ಬಂದ. ಮತ್ತೆ ಹಿಂದೆ ಬೀಳುತ್ತದೆ ಅಂತ ಬಂದ, ಆಮೇಲೆ ಮುಂದೆ ಓಡುತ್ತದೆ ಅಂತ. ಅಷ್ಟು ಬಗೆಯಲ್ಲಿ ಕೆಡುವ ಗಡಿಯಾರ ಲೋಕದಲ್ಲಿ ಇನ್ನೊಂದಿರಲಿಲ್ಲ. ಚೀಟಿ ಬರೆದುಕೊಡುವ ಕೆಲಸ ಮಗಳದು. ಅವಳು ಪ್ರತಿ ಸಲವೂ ಗಂಭೀರವಾಗಿ ಬರೆದುಕೊಟ್ಟಳು. ಒಂದು ದಿನ ಅವನು ಚೀಟಿ ತೆಗೆದುಕೊಳ್ಳದೆ ನಿಂತ.

“ನನಗೆ ವರ್ಗ ಆಗಿದೆ. ದೂರ. ನೀವೂ ಬರ್ತೀರಾ?”

“ಅಪ್ಪನ್ನ ಕೇಳ್ತೀನಿ.”

“ಶನಿವಾರದೊಳಗೆ ಕೇಳಿ.”

ಶುಕ್ರವಾರ ಬೆಳಿಗ್ಗೆ ಕೇಳಿದಳು. ಕ್ಲಾಸಿನವರು ಬರಲು ಇನ್ನೂ ಹೊತ್ತಿತ್ತು, ಕೋಣೆಯಲ್ಲಿ ಇಬ್ಬರೇ. “ಅಪ್ಪ, ಆ ಸರ್ವೇಯರು ನನ್ನನ್ನ ಕೇಳಿದಾರೆ. ಅವರ ಜೊತೆ ಹೋಗ್ಲಾ?”

ಅಪ್ಪ ಕಣ್ಣು ತೆರೆಯಲಿಲ್ಲ. “ತಗೋ,” ಅಂದರು. ತೆಗೆದುಕೊಂಡಳು. “ಹಿಡಿ.” ಹಿಡಿದಳು. ಮಂಡಿಯ ಮೇಲೆ ಅವರ ಬೆರಳು ಹದಿನಾರು ಸಲ ಎದ್ದು ಬಿದ್ದದ್ದು ಅವಳಿಗೆ ರೆಪ್ಪೆಯ ಸಂದಿಯಿಂದ ಕಾಣುತ್ತಿತ್ತು. ಆಮೇಲೆ ಅಪ್ಪ ಅಂದರು: “ಬಿಡು.”

ಅವಳು ಉಸಿರನ್ನೂ ಬಿಟ್ಟಳು, ಅವನನ್ನೂ ಬಿಟ್ಟಳು. ಎರಡನೇ ಸುತ್ತಿಗೆ ಕೂರಲಾಗದೆ ಎದ್ದು ಕೆಳಗೆ ಹೋದಳು. ಮಧ್ಯಾಹ್ನ ಬಂದ ಸರ್ವೇಯರಿಗೆ ಬಾಗಿಲಲ್ಲೇ “ಅಪ್ಪ ಬೇಡ ಅಂದ್ರು” ಎಂದಳು. ಅವನು ಸ್ವಲ್ಪ ಹೊತ್ತು ಗೋಡೆಯ ಮೇಲಿನ ಗಡಿಯಾರಗಳನ್ನು ನೋಡಿ, “ನನ್ನದು ಈಗ ಸರಿಯಾಗಿ ನಡೀತಿದೆ,” ಎಂದು ಹೋದ.

ಅದಾಗಿ ಮೂವತ್ತೊಂದು ವರ್ಷ. ಈ ಮೂವತ್ತೊಂದು ವರ್ಷದಲ್ಲಿ ಆ ವಿಷಯವನ್ನು ಅಪ್ಪನೂ ಎತ್ತಲಿಲ್ಲ, ಮಗಳೂ ಎತ್ತಲಿಲ್ಲ. ಕೇಳುವುದಕ್ಕೇನಿತ್ತು, ಉತ್ತರ ಸಿಕ್ಕಿತ್ತಲ್ಲ. ಸುಳ್ಳೇಕೆ, ಅವಳಿಗೆ ಅದರಲ್ಲಿ ಒಂದು ಬಗೆಯ ಜಂಬವೂ ಇತ್ತು. ಅಪ್ಪ ಒಂದೇ ಮಾತು ಹೇಳಿದರು, ನಾನು ಒಂದೇ ಉಸಿರಿಗೆ ಬಿಟ್ಟೆ. ಬೇರೆಯವರ ಹೆಣ್ಣುಮಕ್ಕಳು ಅಳುತ್ತಾರೆ, ಊಟ ಬಿಡುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ನಾನು ಎಂಟು ಎಣಿಸಿದೆ. ಕ್ಲಾಸಿನಲ್ಲಿ ವೈರಾಗ್ಯದ ಮಾತು ಬಂದಾಗಲೆಲ್ಲ ಅವಳ ದನಿ ಒಂದು ಮೆಟ್ಟಿಲು ಮೇಲಕ್ಕೆ ಹೋಗುತ್ತಿತ್ತು. ಅನುಭವಸ್ಥರ ದನಿ.

ನಾಲ್ಕು ವರ್ಷದ ಕೆಳಗೆ ಅಣ್ಣನ ಮಗಳು ಬಂದು ಸೇರಿಕೊಂಡಳು. ನಿದ್ದೆಯ ಮನೆಯಲ್ಲಿ ಹುಟ್ಟಿದರೂ ಐದಕ್ಕೇ ಏಳುವ ಹುಡುಗಿ. ಒಂದು ಕಡೆ ಕೂತಲ್ಲಿ ಕೂರುವವಳಲ್ಲವಾದ್ದರಿಂದ ತಾತ ಅವಳಿಗೆ ಸ್ಪ್ರಿಂಗು ಅಂತ ಹೆಸರಿಟ್ಟರು. ಅವಳಿಗೆ ಯೋಗವೆಂದರೆ ರಿಪೇರಿಯೂ ಅಲ್ಲ, ವೈರಾಗ್ಯವೂ ಅಲ್ಲ. ‘ಮೈ ಒಂದು ಇದೆಯಲ್ಲ ಅತ್ತೆ, ಅದನ್ನ ಉಪಯೋಗಿಸೋದು’ ಎನ್ನುತ್ತಿದ್ದಳು. ಕೈ ಮೇಲೆ ನಿಂತು ಕಾಲಿನಲ್ಲಿ ಫ್ಯಾನಿನ ಸ್ವಿಚ್ಚು ಒತ್ತಿದ್ದೂ ಉಂಟು. ಇಂಥವಳೇ ಮುಂದೆ ಈ ಕೋಣೆಯನ್ನು ನೋಡಿಕೊಳ್ಳುತ್ತಾಳೆ ಎಂದು ಟೀಚರಮ್ಮ ಮನಸ್ಸಿನಲ್ಲೇ ತೀರ್ಮಾನಿಸಿದ್ದಳು. ಅದನ್ನು ಹುಡುಗಿಗೆ ಹೇಳಿರಲಿಲ್ಲ. ಈ ಮನೆಯಲ್ಲಿ ತೀರ್ಮಾನಗಳನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ.

ಒಂದು ಬೆಳಿಗ್ಗೆ ಮೂವರೂ ಕೂತಿದ್ದರು. ಎಂಬತ್ತಾರರ ಮೇಷ್ಟ್ರು ಗೋಡೆಗೆ ಒರಗದೆ, ಎದುರಿಗೆ ಅತ್ತೆ, ಸೊಸೆ. ಮೊದಲ ಸುತ್ತು ಮುಗಿಯಿತು. ಸಂದಿಯಲ್ಲಿ ಸ್ಪ್ರಿಂಗು ಬಾಯಿ ತೆರೆದಳು.

“ತಾತ, ನನಗೊಂದು ಕೆಲಸ ಸಿಕ್ಕಿದೆ. ಹಡಗಿನಲ್ಲಿ. ಪ್ರಯಾಣಿಕರಿಗೆ ಯೋಗ ಹೇಳಿಕೊಡೋದು, ಎಂಟು ತಿಂಗಳು. ಹೋಗ್ಲಾ?”

ಟೀಚರಮ್ಮ ರೆಪ್ಪೆಯ ಸಂದಿಯಿಂದ ಅಪ್ಪನ ಕೈ ನೋಡಿದಳು. ಪ್ರಶ್ನೆ ಅದೇ, ಜಾಗ ಅದೇ, ಚಾಪೆ ಮಾತ್ರ ಬೇರೆ.

“ತಗೋ,” ಅಂದರು ಮೇಷ್ಟ್ರು. “ಹಿಡಿ.” ಬೆರಳು ಈಗ ಅಷ್ಟು ಮೇಲೆ ಏಳುವುದಿಲ್ಲ, ಹದಿನಾರು ಸಲ ಸುಮ್ಮನೆ ಮಿಸುಕಿತು. “ಬಿಡು.”

ಟೀಚರಮ್ಮನಿಗೆ ಹುಡುಗಿಯ ಬಗ್ಗೆ ಅಯ್ಯೋ ಅನ್ನಿಸಬೇಕಾಗಿತ್ತು. ಅನ್ನಿಸಿದ್ದು ಬೇರೆ. ಎಲ್ಲೋ ಪಕ್ಕೆಲುಬಿನ ಕೆಳಗೆ ಒಂದು ಸಣ್ಣ ತೃಪ್ತಿ. ಇನ್ನು ಈ ಮನೆಯಲ್ಲಿ ತಾನೊಬ್ಬಳೇ ಅಲ್ಲ. ಆ ತೃಪ್ತಿಯನ್ನು ಅವಳು ಎಂಟು ಎಣಿಸುವವರೆಗೂ ಅನುಭವಿಸಿದಳು.

ಸ್ಪ್ರಿಂಗು ಉಳಿದ ಸುತ್ತುಗಳನ್ನೆಲ್ಲ ಮುಗಿಸಿ, ಕಾಲು ಬಿಚ್ಚಿ, “ಥ್ಯಾಂಕ್ಸ್ ತಾತ. ಮಂಗಳವಾರ ಹೊರಡ್ತೀನಿ,” ಎಂದಳು. ಮೇಷ್ಟ್ರು ಹೂಂ ಎಂದರು.

ಕ್ಲಾಸು ಮುಗಿದ ಮೇಲೆ ಅತ್ತೆ ಸೊಸೆ ಚಾಪೆ ಸುತ್ತುತ್ತಿದ್ದರು.

“ತಾತ ಬಿಡು ಅಂದ್ರಲ್ಲೇ,” ಅಂದಳು ಟೀಚರಮ್ಮ.

“ಬಿಟ್ನಲ್ಲ.”

“ಏನನ್ನ?”

“ಉಸಿರನ್ನ. ಹದಿನಾರಾಗಿತ್ತಲ್ಲ ಅತ್ತೆ, ಇನ್ನೇನು ಕಟ್ಟಿಟ್ಟುಕೊಳ್ಲಾ?”

“ನೀನು ಒಂದು ಮಾತು ಕೇಳಿದ್ದೆ. ಅದು ಅದಕ್ಕೆ ಉತ್ತರ.”

“ಅದು ಉತ್ತರ ಅಲ್ಲ, ಎಣಿಕೆ.” ಸ್ಪ್ರಿಂಗು ನಕ್ಕಳು. “ಉತ್ತರಾನೇ ಅಂತಿಟ್ಕೊಳ್ಳಿ, ಆಗ್ಲೂ ‘ಹೋಗಿಬಿಡು’ ಅಂದಿರ್ತಾರೆ. ತಾತನ ಮಾತು ಅರ್ಧ ಮೂಗಲ್ಲೇ ಉಳಿಯುತ್ತೆ. ‘ಹೋಗಿ’ ಒಳಗೆ ಕೂತ್ಕೊಂಡಿತು, ‘ಬಿಡು’ ಆಚೆ ಬಂತು.”

ಟೀಚರಮ್ಮನ ಕೈಲಿದ್ದ ಚಾಪೆ ಅಷ್ಟುದ್ದಕ್ಕೂ ಬಿಚ್ಚಿಕೊಂಡಿತು. ಮೂವತ್ತೊಂದು ವರ್ಷದಲ್ಲಿ ಆ ಮಾತನ್ನು ಅವಳು ಎಷ್ಟು ಸಲ ತಿರುಗಿಸಿ ಮುರುಗಿಸಿ ನೋಡಿದ್ದಳೋ. ಅದಕ್ಕೆ ಮುಂದೊಂದು ತಲೆ ಇದ್ದಿರಬಹುದು ಅಂತ ಒಮ್ಮೆಯೂ ಹೊಳೆದಿರಲಿಲ್ಲ.

“ಯಾಕತ್ತೆ, ನಿಮಗೂ ಹೀಗೇ ಅಂದಿದ್ರಾ?”

“ಅಂದಿದ್ರು.”

“ಯಾವಾಗ?”

“ನೀನು ಹುಟ್ಟೋಕೆ ಮುಂಚೆ.”

“ನೀವೇನು ಮಾಡಿದ್ರಿ?”

“ಬಿಟ್ಟೆ.”

ಏನನ್ನು ಅಂತ ಸ್ಪ್ರಿಂಗು ಕೇಳಲಿಲ್ಲ. ಮನೆಯೊಳಗಿನ ಗಾಳಿಮಾತು ಅವಳ ಕಿವಿಗೂ ಬಿದ್ದಿತ್ತೋ, ಅಥವಾ ಅತ್ತೆಯ ಮುಖ ನೋಡಿಯೇ ಗೊತ್ತಾಯಿತೋ. ಬಿಚ್ಚಿಕೊಂಡ ಚಾಪೆಯ ತುದಿ ಎತ್ತಿಕೊಡುತ್ತ ಮೆಲ್ಲಗೆ ಅಂದಳು: “ಕಣ್ಣು ಬಿಟ್ಟ ಮೇಲೆ ಇನ್ನೊಂದು ಸಲ ಕೇಳಬಹುದಿತ್ತಲ್ಲ.”

ಇಷ್ಟು ವರ್ಷ ತಳ್ಳದೆ ನಿಂತಿದ್ದ ಬಾಗಿಲಿಗೆ ಚಿಲಕವೇ ಇರಲಿಲ್ಲ ಅಂದ ಹಾಗಿತ್ತು. ಹುಡುಗಿ ಚುಚ್ಚಲು ಹೇಳಿದ್ದಲ್ಲ. ಅದಕ್ಕೇ ನೇರವಾಗಿ ಒಳಗಿಳಿಯಿತು.

ಹನ್ನೊಂದು ಗಂಟೆಗೆ ಟೀಚರಮ್ಮ ಅಂಗಡಿಗೆ ಇಳಿದಳು. ಈಗ ಕೈಗಡಿಯಾರ ತರುವವರು ಕಡಿಮೆ. ಆದರೂ ಮೇಷ್ಟ್ರು ಹತ್ತಕ್ಕೆ ಬಂದು ಕೂರುತ್ತಾರೆ. ಬಲಗಣ್ಣಿಗೆ ಭೂತಗನ್ನಡಿ, ಮುಂದೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಹೊಟ್ಟೆ ಬಿಚ್ಚಿದ ಗಡಿಯಾರ.

“ಅಪ್ಪ, ಒಂದು ಮಾತು ಕೇಳ್ಬೇಕು.”

“ಬೆಳಿಗ್ಗೆ ಕೇಳು ಪಾಪ.” ಹುಟ್ಟಿದಾಗ ಇಟ್ಟ ಮುದ್ದಿನ ಹೆಸರು. ಐವತ್ತೆಂಟಾದ ಮೇಲೂ ಕರೆದರೆ ಆ ಹೆಸರು ಕರುಣೆ ತೋರಿಸಿದ ಹಾಗೆ ಕೇಳಿಸುತ್ತದೆ.

“ಈಗ್ಲೇ ಕೇಳ್ತೀನಿ.”

ಮೇಷ್ಟ್ರು ಭೂತಗನ್ನಡಿ ತೆಗೆಯಲಿಲ್ಲ. ಆದರೆ ಚಿಮಟ ಕೆಳಗಿಟ್ಟರು.

“ಆ ಸರ್ವೇಯರು ಕೇಳಿದಾಗ ನೀವು ಬಿಡು ಅಂದ್ರಲ್ಲ. ಅವರನ್ನ ಬಿಡು ಅಂತಾನೋ, ಉಸಿರು ಬಿಡು ಅಂತಾನೋ?”

‘ಯಾವ ಸರ್ವೇಯರು?’ ಅಂತ ಅಪ್ಪ ಕೇಳುತ್ತಾರೆ ಎಂದುಕೊಂಡು ಅದಕ್ಕೆ ಉತ್ತರ ಸಿದ್ಧಮಾಡಿಕೊಂಡು ಬಂದಿದ್ದಳು. ಅವರು ಕೇಳಲಿಲ್ಲ.

“ಉಸಿರಿಗೆ ಹೇಳಿದ್ದು,” ಅಂದರು. “ನಾನಿನ್ನೂ ಯೋಚನೆ ಮಾಡ್ತಿದ್ದೆ. ಮುಂದಿನ ಸುತ್ತಿಗೆ ಹೇಳೋಣ ಅಂತಿದ್ದೆ, ನೀನು ಎದ್ದು ಹೋದೆ.”

“ಏನು ಹೇಳೋಣ ಅಂತಿದ್ರಿ?”

“ಹೋಗು ಅಂತ್ಲೇ ಇರ್ಬೇಕು. ಒಳ್ಳೆಯವನೇ. ಗಡಿಯಾರದ ವಿಷಯದಲ್ಲಿ ಸುಳ್ಳು ಹೇಳ್ತಿದ್ದ, ಅಷ್ಟೇ.”

“ಮತ್ಯಾಕೆ ಹೇಳ್ಲಿಲ್ಲ?”

ಮೇಷ್ಟ್ರು ಬಿಳಿ ಬಟ್ಟೆಯ ಮೇಲಿನ ಒಂದು ಸಣ್ಣ ತಿರುಪುಮೊಳೆಯನ್ನು ಬೆರಳಿನಿಂದ ಅತ್ತ ಸರಿಸಿದರು. “ಮಾರನೇ ದಿನ ಅವನು ನನ್ನ ಹತ್ರ ಬಂದು, ‘ಹೋಗ್ತೀನಿ’ ಅಂತ ಹೇಳಿ ಹೋದ. ಅವನ ಮುಖ ನೋಡಿ ಗೊತ್ತಾಯ್ತು, ನೀನು ಹೇಗೆ ಕೇಳಿಸ್ಕೊಂಡಿದೀಯ ಅಂತ. ಕೂಗಿ ಕರೆದು ಹೇಳಬಹುದಿತ್ತು. ನಿಮ್ಮಮ್ಮ ಹೋಗಿ ವರ್ಷ ಆಗಿತ್ತು. ಮನೆ ನೀನು ನೋಡ್ಕೊಳ್ತಿದ್ದೆ, ಕ್ಲಾಸು ನೀನು ನೋಡ್ಕೊಳ್ತಿದ್ದೆ.” ವೃತ್ತಿಯ ಒಂದು ಸಾಧಾರಣ ನಿಯಮ ಹೇಳುವವರ ಹಾಗೆ ಸೇರಿಸಿದರು: “ನಡೀತಿರೋ ಗಡಿಯಾರಾನ ಯಾರಾದ್ರೂ ಬಿಚ್ಚುತ್ತಾರಾ?”

ಅಷ್ಟು ಹೇಳಿ ಚಿಮಟ ಎತ್ತಿಕೊಂಡರು. ಸುರುಳಿಯನ್ನು ಹಿಡಿದರು. ಬೆನ್ನು ನೆಟ್ಟಗಾಯಿತು, ಎದೆ ನಿಂತಿತು, ಕೈ ಇಷ್ಟಿಷ್ಟೇ ಇಳಿಯತೊಡಗಿತು.

ಟೀಚರಮ್ಮ ಎದುರಿಗೆ ನಿಂತಿದ್ದಳು. ಹೇಳಬೇಕಾದದ್ದು ಗಂಟಲವರೆಗೆ ಬಂದಿತ್ತು. ಯಾಕೆ ಹೊರಬರುತ್ತಿಲ್ಲ ಅಂತ ನೋಡಿದರೆ, ಅವಳೂ ಉಸಿರು ಹಿಡಿದು ನಿಂತಿದ್ದಳು. ಅಪ್ಪನ ಸುರುಳಿ ಹಾರಿಹೋಗಬಾರದಲ್ಲ. ಚಿಕ್ಕಂದಿನಿಂದ ಬಂದ ಅಭ್ಯಾಸ, ಯಾರೂ ಹೇಳಬೇಕಾಗಿಲ್ಲ. ಒಂದು ಸಲ ಊದಿದ್ದರೆ ಸಾಕಾಗಿತ್ತು. ಅವಳಿಗೆ ಅದು ಹೊಳೆಯಿತು ಕೂಡ. ಸುರುಳಿ ಜಾಗದಲ್ಲಿ ಕೂತು, ಒಳಗಿನ ಚಕ್ರ ಅತ್ತಿತ್ತ ಆಡಲು ಶುರುವಾಗುವ ತನಕ ಹಾಗೇ ನಿಂತಿದ್ದು, ಮೆಟ್ಟಿಲು ಹತ್ತಿ ಮೇಲೆ ಹೋದಳು.

ಮಂಗಳವಾರದ ಕ್ಲಾಸು ಏಳಕ್ಕೆ ಮುಗಿಯಿತು. ಎಲ್ಲರೂ ಇಳಿದು ಹೋದರು. ಮೇಷ್ಟ್ರಿಗೆ ನಾಲ್ಕು ವರ್ಷದಿಂದ ಕೂರುವುದಕ್ಕೆ ಬರುತ್ತದೆ, ಏಳುವುದಕ್ಕೆ ಬರುವುದಿಲ್ಲ; ಮಂಡಿ ಮಡಿಸಿದ ಮೇಲೆ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಅದು ಮಗಳಿಗೆ, ಮೊಮ್ಮಗಳಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಕೊನೆಯವರು ಮೆಟ್ಟಿಲಿಳಿದ ಮೇಲೆ ಮಗಳು ಹೋಗಿ ಎಬ್ಬಿಸುವುದು ರೂಢಿ. ಅವತ್ತು ಮಗಳು ಸ್ಪ್ರಿಂಗಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು.

“ಪಾಪ,” ಎಂದು ಮೇಲಿನಿಂದ ಕೂಗು ಬಂತು. ಇನ್ನೊಂದು ಸಲವೂ ಬಂತು.

“ಅತ್ತೆ, ತಾತ ಕರೀತಿದಾರೆ.”

“ಕೇಳಿಸ್ತು.”

ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ತಡ. ಸ್ಪ್ರಿಂಗು ಹಡಗಿನ ಬಗ್ಗೆ ಹೇಳಿದ್ದೇ ಹೇಳಿದ್ದು: ಎಷ್ಟು ಅಂತಸ್ತು, ಎಷ್ಟು ಜನ.

“ನೆಲವೇ ಅಲ್ಲಾಡೋ ಕಡೆ ಒಂಟಿಕಾಲಲ್ಲಿ ನಿಲ್ಲೋದು ಹೇಗೇ?” ಎಂದಳು ಟೀಚರಮ್ಮ.

“ಬೀಳೋದು, ಮತ್ತೆ ನಿಲ್ಲೋದು. ಮೊದಲ ವಾರ ಅದೇ ಪಾಠ.” ಆಮೇಲೆ ದನಿ ತಗ್ಗಿಸಿ, “ಅತ್ತೆ, ನಾನು ಹೋಗ್ತಿರೋದು ನಿಮಗೆ ಬೇಜಾರಾ?” ಅಂದಳು.

“ಹೊಟ್ಟೆಕಿಚ್ಚು,” ಅಂದಳು ಟೀಚರಮ್ಮ. ತಮಾಷೆ ಎಂದುಕೊಂಡು ಹುಡುಗಿ ಕೊರಳಿಗೆ ಕೈ ಹಾಕಿದಳು. ಬಸ್ಸು ಬಂತು, ಹೋಯಿತು.

ಟೀಚರಮ್ಮ ನೆಟ್ಟಗೆ ಮನೆಗೆ ಹೋಗಲಿಲ್ಲ. ಸ್ಟ್ಯಾಂಡಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತಳು. ಕೂತು ಸ್ವಲ್ಪ ಹೊತ್ತಾದ ಮೇಲೆ ಬೆನ್ನನ್ನು ಬಾಗಲು ಬಿಟ್ಟು ನೋಡಿದಳು. ಹಿತವಾಗಿತ್ತು. ಎರಡು ಟೀ ಕುಡಿದಳು. ಎದುರಿನ ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ನೋಡಿ, ಮೂರನೆಯದನ್ನೂ ತರಿಸಿಕೊಂಡಳು.

ಹಿಂತಿರುಗುವಾಗ ಪಕ್ಕದ ಕನ್ನಡಕದಂಗಡಿಯವರು ಮೆಟ್ಟಿಲ ಬುಡದಲ್ಲೇ ತುಟಿಗೆ ಬೆರಳಿಟ್ಟುಕೊಂಡು ನಿಂತಿದ್ದರು. ಇಪ್ಪತ್ತು ವರ್ಷದಿಂದ ಕ್ಲಾಸಿಗೆ ಬರುವವರು. ಇನ್ನೂ ಕಾಲು ಮಡಿಸಲು ಬಾರದವರು.

“ಶಬ್ದ ಮಾಡ್ಬೇಡಿ ಟೀಚರಮ್ಮ. ಮೇಷ್ಟ್ರು ಏಳು ಗಂಟೆಯಿಂದ ಹಾಗೇ ಕೂತಿದಾರೆ. ಅಂಗಡಿ ಬಾಗಿಲು ತೆಗೆದಿಲ್ವಲ್ಲ ಅಂತ ಹತ್ತಿ ನೋಡಿದೆ. ಕರೆದೆ, ಕಣ್ಣೇ ತೆಗೀಲಿಲ್ಲ. ಮೂರು ಗಂಟೆ ಹೊತ್ತು ಅಮ್ಮ, ಒಂದು ಸಲ ಅಲುಗಾಡಿಲ್ಲ. ನಮಗೆಲ್ಲ ಹತ್ತು ನಿಮಿಷಕ್ಕೆ ಜೋಮು ಹಿಡಿಯುತ್ತೆ. ಈ ವಯಸ್ಸಲ್ಲಿ ಏನು ಸಾಧನೆ ಅಂತೀನಿ.”

ಒಂದು ಮಾತು ಕೇಳಿದ್ದರೆ ಕನ್ನಡಕದವರು ತೋಳು ಹಿಡಿದು ಎಬ್ಬಿಸುತ್ತಿದ್ದರು. ಮೇಷ್ಟ್ರು ಕೇಳುವವರಲ್ಲ. ಅದು ಟೀಚರಮ್ಮನಿಗೆ ಇಳಿದು ಹೋಗುವಾಗಲೇ ಗೊತ್ತಿತ್ತು.

“ಹೌದು,” ಎಂದಳು. “ದೊಡ್ಡ ಸಾಧನೆ.”

ಮೇಲೆ ಮೇಷ್ಟ್ರು ಕಣ್ಣು ಮುಚ್ಚಿ ಕೂತಿದ್ದರು. ಬೆನ್ನು ಗೆರೆ ಎಳೆದ ಹಾಗಿತ್ತು. ಪಾದಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. ಚಾಪೆಯ ಒಂದು ಬದಿ ಒದ್ದೆಯಾಗಿತ್ತು. ಹೆಜ್ಜೆಯ ಸಪ್ಪಳಕ್ಕೆ ಅವರು ಕಣ್ಣು ತೆರೆದು ಅವಳನ್ನು ನೋಡಿದರು. ಎಲ್ಲಿಗೆ ಹೋಗಿದ್ದೆ ಅಂತ ಕೇಳಲಿಲ್ಲ.

“ಕೈ ಕೊಡು,” ಅಂದರು.

ಕೊಟ್ಟಳು. ಆ ಮಾತಿಗೆ ಇರುವ ಇನ್ನೊಂದು ಅರ್ಥಕ್ಕೆ, ನಡುವೆ ಬಿಟ್ಟುಹೋಗುವುದಕ್ಕೆ, ಅವಳ ವಯಸ್ಸು ಮೀರಿತ್ತು. ಮೂರು ಗಂಟೆಗಿಂತ ಹೆಚ್ಚು ಅವಳ ಕೈಲಾಗಲಿಲ್ಲ. ಕಂಕುಳಿಗೆ ಕೈ ಹಾಕಿ ಎತ್ತಿದಳು. ಕಾಲಿಗೆ ಜೀವ ಬರುವ ತನಕ ಅವರು ಪೂರ್ತಿ ಭಾರ ಅವಳ ಮೇಲೆ ಹಾಕಿ ನಿಂತಿದ್ದರು. ಅಷ್ಟು ಹತ್ತಿರ ನಿಂತು ಇಬ್ಬರಿಗೂ ಬಹಳ ವರ್ಷವಾಗಿತ್ತು.

“ಕನ್ನಡಕದವನು ಬಂದಿದ್ದ,” ಅಂದರು ಮೇಷ್ಟ್ರು, ಅವಳ ಭುಜದ ಆಚೆ ಗೋಡೆ ನೋಡುತ್ತ. “ಏನಂದ?”

“ಸಾಧನೆ ಅಂದ್ರು.”

“ನೀನೇನಂದೆ?”

“ಹೌದು ಅಂದೆ.”

ಮೇಷ್ಟ್ರು ತಲೆಯಾಡಿಸಿದರು. ಅವಳು ಅವರನ್ನು ಕುರ್ಚಿಗೆ ಕೂರಿಸಿ, ಬಟ್ಟೆ ತರಲು ಹೋದಳು.